ಪೇಷಂಟಮ್ಮನ ಹೊಟ್ಟೆ, ಹುಡುಗಿಯ ಅಂಕ

ಅಳಿಯನಿಗೆ ಕೆಲಸ ಸಿಕ್ಕ ಹೊಸದು. ಮೊದಲ ಸಂಬಳದಲ್ಲಿ ಕೊಂಡ ಶೂ ಕಾಲು ಕಚ್ಚುತ್ತಿದ್ದರೂ, ಅದನ್ನು ತೋರಿಸಿ ಬರೋಣವೆಂದು ಸೋದರತ್ತೆಯ ಮನೆಗೆ ಮೂರು ಮಹಡಿ ಹತ್ತಿದ. ಬಾಗಿಲು ಅರೆ ತೆರೆದಿತ್ತು. ಒಳಗಿನಿಂದ ಅತ್ತೆಯ ನರಳುವ ದನಿ: "ಎದೆ ಮೇಲೆ ಯಾರೋ ಕಲ್ಲು ಹೇರಿದ ಹಾಗಾಗ್ತಿದೆ ಡಾಕ್ಟ್ರೇ... ಎಡಗೈಯೆಲ್ಲ ಜೋಮು... ನಮ್ಮಪ್ಪನೂ ಹೀಗೇ ಹೋದ್ರು."

ಶೂ ಬಿಚ್ಚಲು ಬಗ್ಗಿದ್ದ ಅಳಿಯ ಹಾಗೇ ಎದ್ದ. ಅತ್ತೆಯ ಅಪ್ಪ ಎಂದರೆ ಅವನ ಸ್ವಂತ ತಾತ. ತಾತ ಹೋದದ್ದು ಏಣಿಯಿಂದ ಬಿದ್ದು ಎಂಬುದು ಕೂಡ ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ. ಒಳಗೆ ನುಗ್ಗಿದವನೇ ಎದುರುಮನೆಯ ದರ್ಜಿಯನ್ನು ಕೂಗಿ ಕರೆದ. ಇಬ್ಬರೂ ಸೇರಿ ಅತ್ತೆಯನ್ನು ಕುರ್ಚಿಸಮೇತ ಎತ್ತಿ ಮೆಟ್ಟಿಲಿಳಿಸತೊಡಗಿದರು. ಅತ್ತೆ ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಇವನಿಗೆ ರೋಗ ಏರುತ್ತಿದೆ ಎನಿಸಿತು. ಎರಡನೇ ಮಹಡಿಯ ತಿರುವಿನಲ್ಲಿ ಅವಳ ಒಂದು ಕೈ ಹೇಗೋ ಸಡಿಲವಾಗಿ, ಅಳಿಯನ ಕೆನ್ನೆಗೆ ಬಿತ್ತು.

"ಇಳಿಸೋ ಕತ್ತೆ! ನಾಳೆ ಪರೀಕ್ಷೆ ಇದೆ ನಂಗೆ. ಮಾತು ಬಾಯಿಪಾಠ ಮಾಡೋಕೂ ಬಿಡಲ್ವಲ್ಲ!"

ದರ್ಜಿ ಕುರ್ಚಿಯ ಕಾಲು ಬಿಟ್ಟು ಗೋಡೆಗೊರಗಿ ನಗತೊಡಗಿದ. ಬೀದಿಗೆಲ್ಲ ಗೊತ್ತಿದ್ದ ಸಂಗತಿ ಸ್ವಂತ ಅಳಿಯನಿಗೆ ಗೊತ್ತಿರಲಿಲ್ಲ. ಇದನ್ನು ಬರೆಯುತ್ತಿರುವುದು ಆ ಅಳಿಯನೇ. ಮುಂದೆ ನಡೆದದ್ದರಲ್ಲೂ ಅವನಿಂದ ಆದ ಉಪಕಾರ ಕುರ್ಚಿ ಹೊತ್ತಷ್ಟೇ ಎಂದು ಮೊದಲೇ ಹೇಳಿಬಿಟ್ಟರೆ ಓದುವವರಿಗೆ ನಿರಾಸೆ ಕಡಿಮೆ.

ಅತ್ತೆಯ ಕೆಲಸ ರೋಗಿಯಾಗುವುದು. ಊರಿನ ದೊಡ್ಡ ಖಾಸಗಿ ಆಸ್ಪತ್ರೆಯ ಮೇಲಿನ ಅಂತಸ್ತುಗಳಲ್ಲಿ ಒಂದು ವೈದ್ಯಕೀಯ ಕಾಲೇಜಿದೆ. ಅಲ್ಲಿ ಓದುವವರು ಮುಂದೆ ಹೊರದೇಶಗಳಿಗೆ ಹೋಗಿ ಡಾಕ್ಟರಾಗುವವರು; ಆದ್ದರಿಂದ ಪರೀಕ್ಷೆ ನಡೆಸುವುದೂ ಹೊರದೇಶದ ಒಂದು ಮಂಡಳಿ. ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಬಗೆಯ ರೋಗಿ ಸಿಗಬೇಕೆಂದು ಮಂಡಳಿಯ ನಿಯಮ. ನಿಜವಾದ ರೋಗಿಗಳನ್ನು ನಂಬಿಕೊಂಡರೆ ಇದು ಆಗುವ ಕೆಲಸವಲ್ಲ. ಅವರು ಬೆಳಗ್ಗೆ ಒಂದು ಹೇಳಿ ಮಧ್ಯಾಹ್ನ ಇನ್ನೊಂದು ಹೇಳುತ್ತಾರೆ, ನಡುವೆ ಸೊಸೆಯ ದೂರು ತೆಗೆಯುತ್ತಾರೆ, ಕೆಲವರು ಪರೀಕ್ಷೆ ಮುಗಿಯುವ ಮೊದಲೇ ಗುಣವಾಗಿಬಿಡುತ್ತಾರೆ. ಅದಕ್ಕೇ ಆರೋಗ್ಯವಂತರನ್ನು ಹಿಡಿದು, ರೋಗ ಹೇಳಿಕೊಟ್ಟು, ಮಂಚದ ಮೇಲೆ ಮಲಗಿಸುತ್ತಾರೆ. ಬೀದಿಯವರು ಅತ್ತೆಯನ್ನು ಪೇಷಂಟಮ್ಮ ಅನ್ನುವುದು ಹೀಗೆ.

ಅದಕ್ಕೆ ಮೊದಲು ಅವಳು ಮಾತ್ರೆಯ ಕಾರ್ಖಾನೆಯಲ್ಲಿ ಡಬ್ಬಿ ತುಂಬುತ್ತಿದ್ದಳು. ಕಾರ್ಖಾನೆಯನ್ನು ಕಡಲಾಚೆಯ ಕಂಪನಿಯೊಂದು ಕೊಂಡುಕೊಂಡಿತು. ಕೊಂಡ ಮೇಲೆ ಸುಣ್ಣ ಬಣ್ಣ ಮಾಡಿಸಿತು, ಎಲ್ಲರಿಗೂ ಹೊಸ ಟೋಪಿ ಕೊಟ್ಟಿತು, ಆಮೇಲೆ ಮುಚ್ಚಿತು. ಅದೇ ಮಾತ್ರೆ ಈಗ ಬೇರೆ ಎಲ್ಲಿಂದಲೋ ಹಡಗಿನಲ್ಲಿ ಬರುತ್ತದೆ. "ನಾನು ತುಂಬ್ತಿದ್ದಾಗ ಡಬ್ಬಿ ಸಾದಾ ಇತ್ತು. ಈಗ ಫಳಫಳ ಅನ್ನುತ್ತೆ. ಕೊಳ್ಳೋರ ಮುಖ ಮಾತ್ರ ಅದರಷ್ಟು ಫಳಫಳ ಅನ್ನಲ್ಲ," ಎನ್ನುತ್ತಾಳೆ ಅತ್ತೆ. ಅದಕ್ಕಿಂತ ಹೆಚ್ಚಿನ ಕೊರಗು ಅವಳಲ್ಲಿ ಕಾಣುವುದಿಲ್ಲ. ಟೋಪಿಯನ್ನು ಮಾವ ಮಳೆಗಾಲದಲ್ಲಿ ಹಾಕಿಕೊಳ್ಳುತ್ತಾನೆ.

ಪರೀಕ್ಷೆಯ ಕೋಣೆಯಲ್ಲಿ ಒಂದು ಮಂಚ, ಒಂದು ಪರದೆ, ಒಂದು ಸ್ಟೂಲು, ಮೂಲೆಯಲ್ಲಿ ಪರೀಕ್ಷಕರ ಮೇಜು. ಗಂಟೆ ಹೊಡೆದ ಕೂಡಲೇ ಒಬ್ಬ ವಿದ್ಯಾರ್ಥಿ ಒಳಗೆ ಬರುತ್ತಾನೆ, ಕೈಗೆ ಔಷಧದ ನೀರು ಸವರಿಕೊಳ್ಳುತ್ತಾನೆ, ನಗುತ್ತಾನೆ, ನಗುವಿಗೂ ಅಂಕವಿದೆ. "ನಾನೀಗ ನಿಮ್ಮ ಹೊಟ್ಟೆ ಒತ್ತಿ ನೋಡ್ತೀನಿ, ಆಗಬಹುದಾ?" ಎನ್ನುತ್ತಾನೆ. ಕೇಳಿದ್ದಕ್ಕೂ ಅಂಕವಿದೆ. ಆಮೇಲೆ ಅಂಗೈಯನ್ನು ಹೊಟ್ಟೆಯ ಮೇಲೆ ಹೂವಿಟ್ಟ ಹಾಗೆ ಇಟ್ಟು ಪರೀಕ್ಷಕರ ಕಡೆ ನೋಡುತ್ತಾನೆ. ಪರೀಕ್ಷಕರು ಒಂದು ಕಾರ್ಡು ಎತ್ತಿ ಓದುತ್ತಾರೆ: "ಬಲಗಡೆ ನೋವಿದೆ." ಆಗ ಅತ್ತೆ "ಅಮ್ಮಾ" ಎನ್ನಬೇಕು. ಗಂಟೆ ಹೊಡೆಯುತ್ತದೆ, ಇನ್ನೊಬ್ಬ ಬರುತ್ತಾನೆ, ಅತ್ತೆ ಮತ್ತೆ ಮೊದಲಿನಿಂದ ನರಳುತ್ತಾಳೆ. ಮುಂದಿನ ಪರೀಕ್ಷೆಗೆ ಬೇರೆ ರೋಗ. ಪಾಠದಲ್ಲಿಲ್ಲದ ಪ್ರಶ್ನೆ ಬಂದರೆ ಹೇಳಲು ಒಂದೇ ಮಾತು ಕಲಿಸಿದ್ದಾರೆ: "ಅದು ನನಗೆ ಅಷ್ಟು ಗೊತ್ತಿಲ್ಲ ಡಾಕ್ಟ್ರೇ."

ಅತ್ತೆ ಈ ಕೆಲಸದಲ್ಲಿ ಪಳಗಿದ್ದಳು. ಅಳು ಬೇಕೆಂದರೆ ಅಳು, ಬಿಕ್ಕಳಿಕೆ ಬೇಕೆಂದರೆ ಬಿಕ್ಕಳಿಕೆ. ಕಷ್ಟವಾದದ್ದು ಮನೆಯವರಿಗೆ. ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾದ ಮಾವನಿಗೆ ಮೊಣಕಾಲು ನೋವು. ಅವನು "ಉಸ್" ಎಂದು ಕೂತರೆ ಅತ್ತೆ ಶುರುಮಾಡುತ್ತಿದ್ದಳು.

"ನೋವು ಎಲ್ಲಿಂದ ಎಲ್ಲಿಗೆ ಹೋಗುತ್ರೀ? ಚುಚ್ಚುತ್ತೋ, ಹಿಂಡುತ್ತೋ? ಒಂದರಿಂದ ಹತ್ತರೊಳಗೆ ಎಷ್ಟು?"

"ನೀನು ಕೇಳೋಕೆ ಶುರು ಮಾಡಿದ ಮೇಲೆ ಹನ್ನೊಂದು."

"ತಮಾಷೆ ಮಾಡೋ ಪೇಷಂಟಿಗೆ ಅಂಕ ಕೊಡಲ್ಲ ಅಲ್ಲಿ."

"ನನಗೆ ಅಂಕ ಬೇಡ ಕಣೇ, ಬಿಸಿನೀರು ಕೊಡು."

ಅಳಿಯನ ಕೆಲಸವನ್ನೂ ಇಲ್ಲಿ ಹೇಳಿಬಿಡಬೇಕು. ಯಾವುದೋ ದೇಶದ ಆರೋಗ್ಯ ವಿಮೆಯ ಕಂಪನಿಗೆ ಅವನು ಫೋನೆತ್ತುತ್ತಾನೆ. ಅಲ್ಲಿನವರ ಮೊಣಕಾಲಿಗೆ, ಹೃದಯಕ್ಕೆ, ಹಲ್ಲಿಗೆ ಹಣ ಬರುವುದಿಲ್ಲ ಎಂದು ಮೃದುವಾಗಿ ತಿಳಿಸುವುದು ಅವನ ಹೊಟ್ಟೆಪಾಡು. ಮಾತಿನ ಮೊದಲು "ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ" ಎನ್ನಬೇಕು, ಕೊನೆಗೆ "ಬೇರೇನಾದರೂ ಸಹಾಯ ಬೇಕೆ" ಎನ್ನಬೇಕು. ಅದನ್ನು ಕೇಳಿದ ದಿನ ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ ಅಂದಳು: "ನಾನು ಇಲ್ಲದ ರೋಗ ಇದೆ ಅಂತೀನಿ, ನೀನು ಇರೋ ರೋಗ ಇಲ್ಲ ಅಂತೀಯ. ನಮ್ಮ ವಂಶದಲ್ಲಿ ಒಬ್ಬರಿಗಾದ್ರೂ ನೆಟ್ಟಗೆ ಮಾತಾಡೋ ಕೆಲಸ ಸಿಗಬಾರದಿತ್ತಾ!"

ಒಂದಷ್ಟು ಕಾಲದಿಂದ ಅತ್ತೆಗೆ ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತಿತ್ತು. ಸೊಂಟದ ಗುಂಡಿ ಹಾಕಲು ಉಸಿರು ಬಿಗಿಹಿಡಿಯಬೇಕಾಗುತ್ತಿತ್ತು. ಮೆಟ್ಟಿಲು ಹತ್ತುವಾಗ ಎಡಗಡೆ ಏನೋ ಜೋತು ಬಿದ್ದ ಹಾಗೆ ಭಾರ. ಮಾವ ಡಾಕ್ಟರಿಗೆ ತೋರಿಸು ಎಂದ.

"ಯಾವ ಡಾಕ್ಟರಿಗೆ ತೋರಿಸಿಲ್ಲ, ಹೇಳಿ? ಈ ಊರಲ್ಲಿ ನನ್ನಷ್ಟು ಸಲ ಹೊಟ್ಟೆ ತೋರಿಸಿದೋರು ಯಾರಿದ್ದಾರೆ? ಅಷ್ಟು ಕೈ ಬಿದ್ದಿದೆ, ಏನಾದ್ರೂ ಇದ್ದಿದ್ರೆ ಒಂದು ಕೈಗಾದ್ರೂ ಸಿಗ್ತಿರಲಿಲ್ವಾ?"

ಮಾವ ತಲೆಯಾಡಿಸಿದ. ಅಳಿಯನೂ ತಲೆಯಾಡಿಸಿದ. ಬೇರೆ ದಾರಿಯೂ ಸುಲಭವಾಗಿರಲಿಲ್ಲ ಎನ್ನಿ. ಬೀದಿಯ ಕೊನೆಯಲ್ಲಿದ್ದ ಸರ್ಕಾರಿ ದವಾಖಾನೆಯನ್ನು ಅದೇ ಆಸ್ಪತ್ರೆಯ ಕಂಪನಿಗೆ ವಹಿಸಿಕೊಟ್ಟ ಮೇಲೆ ಅಲ್ಲಿ ಗಾಜಿನ ಬಾಗಿಲು ಬಂದಿತ್ತು. ಒಳಗೆ ತಪಾಸಣೆಯ ಪ್ಯಾಕೇಜುಗಳು: ಬೆಳ್ಳಿ, ಬಂಗಾರ, ವಜ್ರ. ಕಿವಿಯೋಲೆ ಅಡ ಇಡಲು ಬಂದ ಮುದುಕಿಯೊಬ್ಬಳು ಅದೇ ಅಂಗಡಿ ಎಂದು ಒಳಹೊಕ್ಕು, ರಕ್ತ ಕೊಟ್ಟು ಹೊರಬಂದಳೆಂದು ದರ್ಜಿ ಹೇಳುತ್ತಾನೆ. ಅವನ ಮಾತಿನಲ್ಲಿ ಅರ್ಧ ಕತ್ತರಿಸಬೇಕು.

ಆ ಸಲದ ಪರೀಕ್ಷೆಯಲ್ಲಿ ಅತ್ತೆಗೆ ಎದೆಯುರಿ. ಊಟವಾದ ಮೇಲೆ ಉರಿ, ಹುಳಿತೇಗು. ಹೊಟ್ಟೆ ಮುಟ್ಟಿದರೆ ಏನೂ ಇಲ್ಲ. ಕಾರ್ಡಿನಲ್ಲಿ "ಹೊಟ್ಟೆ ಮೆತ್ತಗಿದೆ, ಗಡ್ಡೆ ಇಲ್ಲ" ಎಂದಿತ್ತು. ಸುಲಭದ ರೋಗ. ಬಂದವರೆಲ್ಲ ಹೂವಿಟ್ಟು ಕಾರ್ಡು ಕೇಳಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಹುಡುಗಿ ಬಂದಳು. ನಗುವುದನ್ನು ಮರೆತಳು. ಅವಳ ಕೈ ಎಷ್ಟು ತಣ್ಣಗಿತ್ತೆಂದರೆ ಅತ್ತೆ ಪಾಠದಲ್ಲಿಲ್ಲದ ಒಂದು "ಹಾ" ಎಂದುಬಿಟ್ಟಳು. ಹುಡುಗಿ ಹೂವಿಡಲಿಲ್ಲ, ಒತ್ತಿದಳು. ಬಲಗಡೆ ಒತ್ತಿದಳು, ನಡುವೆ ಒತ್ತಿದಳು, ಎಡಗಡೆ ಕೆಳಗೆ ಒತ್ತಿದವಳು ಅಲ್ಲೇ ನಿಂತಳು.

"ಇಲ್ಲೊಂದು ಗಡ್ಡೆ ಇದೆ."

ಮೂಲೆಯಲ್ಲಿ ಕೂತಿದ್ದ ಹಿರಿಯ ಡಾಕ್ಟರು ಕಾರ್ಡು ಎತ್ತಿದರು. "ಹೊಟ್ಟೆ ಮೆತ್ತಗಿದೆ. ಗಡ್ಡೆ ಇಲ್ಲ."

"ಇದೆ ಸರ್."

"ಕಾರ್ಡಲ್ಲಿ ಇಲ್ಲಮ್ಮ. ಮುಂದೆ ಹೋಗು."

ಹುಡುಗಿ ಮುಂದೆ ಹೋಗಲಿಲ್ಲ. ಬೆರಳಿನಿಂದ ಸುತ್ತಲೂ ಗಡಿ ಹುಡುಕುತ್ತ ಅತ್ತೆಯನ್ನೇ ಕೇಳಿದಳು: "ಇದು ಎಷ್ಟು ದಿನದಿಂದ ಇದೆ ಆಂಟಿ?"

ಅತ್ತೆ ನುರಿತ ರೋಗಿ. "ಅದು ನನಗೆ ಅಷ್ಟು ಗೊತ್ತಿಲ್ಲ ಡಾಕ್ಟ್ರೇ," ಎಂದಳು.

ಗಂಟೆ ಹೊಡೆಯಿತು. ಎದೆಯುರಿಯ ಬಗ್ಗೆ ಹುಡುಗಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಇಲ್ಲದ್ದನ್ನು ಕಂಡದ್ದಕ್ಕೆ, ಇದ್ದದ್ದನ್ನು ಕೇಳದಿದ್ದುದಕ್ಕೆ, ನಗದಿದ್ದುದಕ್ಕೆ ಅಂಕ ಹೋಯಿತು. ಅವಳು ಆ ರೋಗದಲ್ಲಿ ಫೇಲು.

ಮನೆಗೆ ಬಂದ ಅತ್ತೆ ಚಹಾ ಕಾಯಿಸುತ್ತ ಸಿಡಿಮಿಡಿಗೊಂಡಳು. "ಎಂಥ ಒರಟು ಹುಡುಗೀರಿ! ಒಬ್ಬರೂ ಹಾಗೆ ಒತ್ತಿದ್ದೇ ಇಲ್ಲ ಇಲ್ಲಿವರೆಗೆ." ಹೇಳಿದ ಮಾತು ಅವಳ ಕಿವಿಗೇ ಬಿತ್ತೇನೋ, ಚಹಾ ಸೋಸುವ ಕೈ ತಡೆಯಿತು. ಒಳಗೆ ಹೋಗಿ ಮಂಚದ ಮೇಲೆ ಅಂಗಾತ ಮಲಗಿ ಎಡಗಡೆ ತಾನೇ ಒತ್ತಿ ನೋಡಿಕೊಂಡಳು. ಆಮೇಲೆ ಮಾವನ ಕೈ ಹಿಡಿದು ಅಲ್ಲಿಡಿಸಿದಳು. ಮಾವ ಕೈಯನ್ನು ಬೇಗ ತೆಗೆದುಕೊಂಡ.

"ಎಷ್ಟೋ ವರ್ಷದಿಂದ ಮಲಗ್ತಿದ್ದೀನಿ," ಎಂದಳು ಅತ್ತೆ ಸೂರಿನ ಕಡೆ ನೋಡುತ್ತ. "ಒಬ್ಬರೂ ಮುಟ್ಟಿರಲಿಲ್ಲ ನೋಡಿ."

ಮರುದಿನ ಅಳಿಯ ರಜೆ ಹಾಕಿ ಬಂದ. "ಇದು ನನ್ನ ಇಲಾಖೆ ಅತ್ತೆ, ನನಗೆ ಬಿಡಿ," ಎಂದು ಶೂ ತಿಕ್ಕಿಕೊಂಡು ಹೊರಟ. ಅತ್ತೆ ಇಷ್ಟು ವರ್ಷ ಹಿಂದಿನ ಗೇಟಿನಿಂದ ಹೋಗುತ್ತಿದ್ದ ಕಟ್ಟಡಕ್ಕೆ ಅಂದು ಮುಂದಿನ ಗೇಟಿನಿಂದ ಹೋದರು. ನೆಲದಲ್ಲಿ ಮುಖ ಕಾಣುತ್ತಿತ್ತು. ಹೊರದೇಶದಿಂದ ಮೊಣಕಾಲು ಬದಲಾಯಿಸಿಕೊಳ್ಳಲು ಬಂದವರು ಚಕ್ರದ ಕುರ್ಚಿಯಲ್ಲಿ ಕೂತು ಹಣ್ಣಿನ ರಸ ಕುಡಿಯುತ್ತಿದ್ದರು. ಇವರಲ್ಲಿ ಒಬ್ಬಿಬ್ಬರಿಗಾದರೂ ತಾನು ಫೋನಿನಲ್ಲಿ "ಹಣ ಬರುವುದಿಲ್ಲ" ಎಂದು ಹೇಳಿರಬಹುದು, ಅದಕ್ಕೇ ಅಗ್ಗವಾಗುತ್ತದೆಂದು ಇಲ್ಲಿಗೆ ಬಂದಿರಬಹುದು ಎಂದು ಅಳಿಯನಿಗೆ ಅನಿಸಿ, ಅವನು ದನಿ ತಗ್ಗಿಸಿ ಮಾತಾಡತೊಡಗಿದ.

ಕೌಂಟರಿನ ಹುಡುಗಿ ಅವನ ಕಂಪನಿಯ ವಿಮೆ ಕಾರ್ಡು ತಿರುಗಿಸಿ ನೋಡಿದಳು. ಅದರಲ್ಲಿ ಅವನು, ಅವನಿಗಿಲ್ಲದ ಹೆಂಡತಿ ಮತ್ತು ಅವನಿಗಿಲ್ಲದ ಮಕ್ಕಳು ಬರುತ್ತಿದ್ದರು. ಇರುವ ಅತ್ತೆ ಬರುತ್ತಿರಲಿಲ್ಲ.

"ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ ಸರ್," ಎಂದಳು ಹುಡುಗಿ.

ದನಿಯ ಏರಿಳಿತ ಎಷ್ಟು ಸರಿಯಾಗಿತ್ತೆಂದರೆ ಅಳಿಯ ಅರೆಗಳಿಗೆ ಮೆಚ್ಚಿಕೊಂಡೇ ನಿಂತ. ಮುಂಗಡ ಕಟ್ಟಿದರೆ ಇವತ್ತೇ ಸ್ಕ್ಯಾನ್, ಇಲ್ಲದಿದ್ದರೆ ಊರಾಚೆಯ ಸರ್ಕಾರಿ ಆಸ್ಪತ್ರೆ. ಆ ಮುಂಗಡ ಮಾವನ ಪಿಂಚಣಿಗೂ ಅಳಿಯನ ಸಂಬಳಕ್ಕೂ ನಿಲುಕುವಂಥದ್ದಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಯಂತ್ರವಿತ್ತು, ಅದನ್ನು ನಡೆಸುವ ಗುತ್ತಿಗೆ ಮುಗಿದಿತ್ತು. ಹೊಸ ಗುತ್ತಿಗೆಯಾದ ಮೇಲೆ ಹೇಳಿ ಕಳಿಸುತ್ತೇವೆ ಎಂದರು. ಎಷ್ಟು ದಿನವಾಗಬಹುದು ಎಂದರೆ ಅಲ್ಲಿದ್ದವನು ಆಕಾಶ ನೋಡಿದ.

"ನಿನ್ನ ಇಲಾಖೆ ಚೆನ್ನಾಗಿದೆ ಕಣೋ," ಎಂದಳು ಅತ್ತೆ, ಬಸ್ಸಿಗೆ ಕಾಯುತ್ತ.

ಸರ್ಕಾರಿ ಆಸ್ಪತ್ರೆಯವರು ಹೇಳಿ ಕಳಿಸುವುದನ್ನು ಕಾಯುತ್ತ ಮನೆಯಲ್ಲಿ ಕೂತಿದ್ದಾಗ ಒಂದು ಬೆಳಗ್ಗೆ ಕಾಲೇಜಿನಿಂದ ಕಾರೇ ಬಂತು. ಬೀದಿಯವರೆಲ್ಲ ಕಿಟಕಿಗೆ ಬಂದರು. ಕಾರಿನಲ್ಲಿ ಪರೀಕ್ಷಾ ವಿಭಾಗದ ಮೇಡಂ. ವಿಷಯವೇನೆಂದರೆ, ತಣ್ಣನೆ ಕೈಯ ಹುಡುಗಿ ಅಪೀಲು ಹಾಕಿದ್ದಳು. ಗಡ್ಡೆ ಇತ್ತು, ನಾನು ಮುಟ್ಟಿದ್ದೇನೆ, ಕಾರ್ಡೇ ತಪ್ಪು ಎಂದು ಹೊರದೇಶದ ಮಂಡಳಿಗೆ ಬರೆದಿದ್ದಳು. ಶುಲ್ಕ ಕಟ್ಟಿದ ವಿದ್ಯಾರ್ಥಿಗೆ ಅಪೀಲಿನ ಹಕ್ಕಿದೆ. ಅಪೀಲು ಬಂದರೆ ಪರಿಶೀಲಿಸಲೇಬೇಕು, ಇಲ್ಲವಾದರೆ ಕಾಲೇಜಿನ ಮಾನ್ಯತೆಗೇ ಕುತ್ತು. ಪರಿಶೀಲನೆ ಎಂದರೆ ಅತ್ತೆಯ ಹೊಟ್ಟೆ.

"ಇವತ್ತೇ ಸ್ಕ್ಯಾನ್ ಆಗಬೇಕಮ್ಮ, ತುಂಬ ಅರ್ಜೆಂಟು," ಎಂದರು ಮೇಡಂ.

ಅತ್ತೆ ಚಪ್ಪಲಿ ಮೆಟ್ಟಿಕೊಂಡಳು. ಮುಂಗಡವಿಲ್ಲ, ಸಾಲಿಲ್ಲ. ಹೊರದೇಶದ ಮೊಣಕಾಲುಗಳನ್ನೆಲ್ಲ ಪಕ್ಕಕ್ಕೆ ನಿಲ್ಲಿಸಿ ಅವಳನ್ನು ಯಂತ್ರದ ಕೋಣೆಗೆ ಕರೆದೊಯ್ದರು. ಯಂತ್ರ ನಡೆಸುವವನು ಪರದೆಯನ್ನು ದಿಟ್ಟಿಸಿ, ಪಕ್ಕದಲ್ಲಿದ್ದ ಮೇಡಂಗೆ ತಲೆಯಾಡಿಸಿದ.

"ಇದೆ ಮೇಡಂ, ಅಂಡಾಶಯದಲ್ಲಿ. ದೊಡ್ಡ ಮೂಸಂಬಿಗಿಂತ ದೊಡ್ಡದೇ ಇದೆ. ಹುಡುಗಿ ಪಾಸು."

"ಹಾಗಾದ್ರೆ ನಾನು?" ಎಂದಳು ಅತ್ತೆ, ಮಲಗಿದಲ್ಲಿಂದ.

ಇಬ್ಬರೂ ಅವಳ ಕಡೆ ತಿರುಗಿದರು. ಯಂತ್ರದವನು ಹೊಟ್ಟೆ ಒರೆಸಿಕೊಳ್ಳಲು ಕಾಗದ ಕೊಟ್ಟ.

ಮೇಡಂ ಕೋಣೆಯಲ್ಲಿ ಮಾತುಕತೆ ನಡೆಯಿತು. ಅಳಿಯನೂ ಬಂದು ಕೂತಿದ್ದ. ಆ ದಿನ ಪರೀಕ್ಷಕರಾಗಿದ್ದ ಹಿರಿಯ ಡಾಕ್ಟರೂ ಇದ್ದರು. ಡಾಕ್ಟರು ಅತ್ತೆಯ ಮುಖ ನೋಡದೆ, ಗಡ್ಡೆ ಕೆಟ್ಟದ್ದಿರಲಾರದು, ಆದರೆ ತೆಗೆದು ನೋಡದೆ ಹೇಳಲಾಗದು, ಹಾಗೇ ಬಿಟ್ಟರೆ ತಿರುಚಿಕೊಂಡೀತು ಎಂದರು.

"ಹಾಗಾದ್ರೆ ತೆಗೀರಿ," ಎಂದಳು ಅತ್ತೆ.

ಮೇಡಂ ಗಂಟಲು ಸರಿಮಾಡಿಕೊಂಡರು. "ನಿಯಮದ ಪ್ರಕಾರ ಪರೀಕ್ಷೆಯ ರೋಗಿಗಳು ಆರೋಗ್ಯವಾಗಿರಬೇಕು. ಆ ಲೆಕ್ಕದಲ್ಲಿ ನಿಮ್ಮ ಹೆಸರು ಪಟ್ಟಿಯಿಂದ ಹೋಗುತ್ತೆ."

"ನಾನು ಇಲ್ಲಿ ಕೆಲಸದವಳಲ್ವಾ? ಕೆಲಸದವರಿಗೆ ಇಲ್ಲಿ ಆಪರೇಷನ್ ಮಾಡಲ್ವಾ?"

"ನೀವು ಸಿಬ್ಬಂದಿ ಅಲ್ಲಮ್ಮ. ಕರೆದಾಗ ಬರೋರು."

"ಮತ್ತೆ ಪೇಷಂಟಾ?"

"ದಾಖಲಾಗಿಲ್ವಲ್ಲ. ಪೇಷಂಟೂ ಅಲ್ಲ."

"ಹುಡುಗಿ ಥರ ಅಪೀಲು ಹಾಕ್ಲಾ?"

"ಅದು ವಿದ್ಯಾರ್ಥಿಗಳಿಗೆ ಮಾತ್ರ." ಮೇಡಂ ಮುಂದಕ್ಕೆ ಬಾಗಿದರು. ದನಿ ಇಳಿಯಿತು. "ಒಂದು ದಾರಿ ಇದೆ. ನಿಜವಾದ ಗಡ್ಡೆ ಇರೋರು ಪರೀಕ್ಷೆಗೆ ಸಿಗೋದೇ ಇಲ್ಲ. ಈ ಸಾಲಿನ ಪರೀಕ್ಷೆಗಳೆಲ್ಲ ಮುಗಿಯೋವರೆಗೆ ಹೀಗೇ ಬನ್ನಿ. ಈಗ ಕೊಡೋದಕ್ಕಿಂತ ಜಾಸ್ತೀನೇ ಕೊಡ್ತೀವಿ. ಆಮೇಲೆ ಆಪರೇಷನ್ನಿಗೆ ರಿಯಾಯಿತಿ ನೋಡೋಣ."

ಅಳಿಯ ಈಗ ತನ್ನ ಸರದಿ ಎಂದುಕೊಂಡ. "ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತೆ ಮೇಡಂ..." ಎಂದು ಶುರುಮಾಡಿದ.

"ನೀನು ಬಾಯಿ ಮುಚ್ಚೋ," ಎಂದಳು ಅತ್ತೆ.

ಮೇಡಂ ಒಂದು ಕಾಗದವನ್ನು ಅತ್ತೆಯ ಮುಂದಿಟ್ಟು ಪೆನ್ನು ಕೊಟ್ಟರು. ಈ ಸ್ಕ್ಯಾನು ನನ್ನದೇ, ಇದನ್ನು ಮಂಡಳಿಗೆ ಕಳಿಸಲು ನನ್ನ ಒಪ್ಪಿಗೆ ಇದೆ ಎಂಬುದಕ್ಕೆ ಸಹಿ. ಸಂಜೆಯೊಳಗೆ ಹೋಗದಿದ್ದರೆ ಅಪೀಲಿನ ಗಡುವು ಮುಗಿಯುತ್ತದೆ, ಹುಡುಗಿ ಮತ್ತೆ ಒಂದು ವರ್ಷ ಓದಬೇಕಾಗುತ್ತದೆ. ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಗಾಜಿನ ಬಾಗಿಲಿನಿಂದ ಕಾಣುತ್ತಿತ್ತು: ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು.

ಅತ್ತೆ ಕಾಗದವನ್ನು ಓದಿದಳು. ಪೆನ್ನಿನ ಟೋಪಿ ತೆಗೆದಳು. ಹುಡುಗಿಯ ಕಡೆ ನೋಡಿದಳು. ಆಮೇಲೆ ಟೋಪಿಯನ್ನು ಮತ್ತೆ ಹಾಕಿ, ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟಳು.

"ಮೊದಲು ನನ್ನ ಆಪರೇಷನ್ನಿಗೆ ದಿನ ಬರೆದುಕೊಡಿ. ರಿಯಾಯಿತಿ ಗಿಯಾಯಿತಿ ಅಲ್ಲ, ಪೂರ್ತಿ ಖರ್ಚು ನಿಮ್ಮದೇ. ಆಮೇಲೆ ಸಹಿ."

"ಅದು ಹಾಗೆಲ್ಲ ಆಗಲ್ಲ."

"ಸ್ಕ್ಯಾನ್ ಆಯ್ತಲ್ಲ, ಒಂದೇ ಬೆಳಗ್ಗೆ."

ಹಿರಿಯ ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಅದು ಆಗಲೇ ಚೊಕ್ಕವಾಗಿತ್ತು. ಅಳಿಯ ತನ್ನ ಶೂ ನೋಡಿಕೊಂಡ. ಮೇಡಂ ಮುಖ ಕೆಂಪಾಯಿತು. ಅವರು ಕೆಟ್ಟವರಲ್ಲ, ಆ ಹುಡುಗಿಯ ಬಗ್ಗೆ ಅವರಿಗೆ ನಿಜವಾಗಿಯೂ ಕನಿಕರವಿತ್ತು.

"ಅಲ್ಲಮ್ಮ, ಇಷ್ಟು ಜನರಲ್ಲಿ ನಿಮ್ಮ ಹೊಟ್ಟೇನ ನಿಜವಾಗಿ ಮುಟ್ಟಿ ನೋಡಿದೋಳು ಅವಳೊಬ್ಬಳೇ. ಅವಳಿಲ್ಲದಿದ್ರೆ ನಿಮಗೆ ಗಡ್ಡೆ ಇರೋದೇ ಗೊತ್ತಾಗ್ತಿರಲಿಲ್ಲ. ಅಂಥ ಹುಡುಗಿಯ ಒಂದು ವರ್ಷಾನ ಕೈಯಲ್ಲಿ ಹಿಡ್ಕೊಂಡು ಚೌಕಾಸಿ ಮಾಡ್ತಿದ್ದೀರಲ್ಲ, ನಿಮಗೆ ನಾಚಿಕೆ ಆಗಲ್ವಾ?"

ಅತ್ತೆ ಹೊರಗಿನ ಬೆಂಚಿನ ಕಡೆ ಇನ್ನೊಮ್ಮೆ ನೋಡಿದಳು.

"ಆಗುತ್ತೆ ಮೇಡಂ, ಯಾಕಾಗಲ್ಲ? ನೀವು ದಿನ ಹೇಳಿ. ನಾಚಿಕೇನ ನಾನು ಹೊಲಿಗೆ ಬಿಚ್ಚಿದ ಮೇಲೆ ಪಟ್ಕೋತೀನಿ."